ಹಿಲ್ಕಾ ಕೇಳಿದ ಹಡಗಿನ ಸುದ್ದಿ

ಹಿಲ್ಕಾ ರೈಸನೆನ್ ಮೊದಲ ಸಲ ನಮ್ಮಲ್ಲಿಗೆ ಬಂದ ದಿನ ಅಂಚೆ ಬಸ್ಸಿನ ಡ್ರೈವರ್ ಕೆಳಗಿಳಿದು, ಉಸ್ಸಪ್ಪಾ ಎನ್ನುತ್ತ ಒಂದು ದೊಡ್ಡ ತಂತಿಯ ಸುರುಳಿಯನ್ನು ಇಳಿಸಿಟ್ಟ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮೂರನೆಯದು. ಆಮೇಲೆ, ಕಂಬಳಿಯಲ್ಲಿ ಸುತ್ತಿದ ಪೆಟ್ಟಿಗೆಯೊಂದನ್ನು ಎಳೆಗೂಸಿನಂತೆ ಎದೆಗವಚಿಕೊಂಡು, ಐವತ್ತು ದಾಟಿದ ಕೆಂಪು ಕೆನ್ನೆಯ ದುಂಡನೆಯ ಹೆಂಗಸೊಬ್ಬಳು ಇಳಿದಳು. ಫಿನ್ಲೆಂಡಿನ ಉತ್ತರ ತುದಿಯಲ್ಲಿ, ಇನಾರಿ ಸರೋವರದ ದಡದಲ್ಲಿ, ಮೀನುಗಾರರ ಹಳೇ ಮರದ ಮನೆಯೊಂದು ನಮಗಿತ್ತು, ಅದನ್ನು ಬಾಡಿಗೆಗೆ ಕೊಡುತ್ತಿದ್ದೆವು. ಬಂದವರು ಗಾಳ ತರುತ್ತಿದ್ದರು, ಕೋವಿ ತರುತ್ತಿದ್ದರು. ತಂತಿ ತಂದವಳು ಇವಳೇ ಮೊದಲು.

ನನ್ನ ಗಂಡ ಯೌನಿ ಹಿಮಸಾರಂಗ ಸಾಕುವವನು. ಕಾಡಿನಲ್ಲಿ ತಂತಿ ಅಂದರೆ ಅವನಿಗೆ ಮೈಯೆಲ್ಲ ಉರಿ.

“ಬೇಲಿ ಹಾಕೋಕೆ ಬಂದ್ಯಾ?” ಎಂದ.

“ಇಲ್ಲಪ್ಪ, ರೇಡಿಯೋ ಕೇಳೋಕೆ.”

“ಯಾಕೆ, ನಿಮ್ಮೂರಲ್ಲಿ ರೇಡಿಯೋ ಇಲ್ವಾ?”

“ಇದೆ. ಆದ್ರೆ ಅದ್ರಲ್ಲಿ ನಮ್ಮೂರೇ ಕೇಳ್ಸುತ್ತೆ,” ಎಂದಳು ಹಿಲ್ಕಾ.

ಯೌನಿ ನನ್ನ ಮುಖ ನೋಡಿದ. ನಾನು ಕಾಫಿಗೆ ನೀರಿಟ್ಟೆ.

ಅವಳು ದಕ್ಷಿಣದ ಇಸಾಲ್ಮಿ ಎಂಬ ಊರಿನ ಶಾಲೆಯೊಂದರ ಅಡುಗೆಯವಳು. ದಿನಾ ಮುನ್ನೂರು ಮಕ್ಕಳಿಗೆ ಬೇಯಿಸಿ ಬಡಿಸುವ ಕೆಲಸ. ಊಟದ ಮನೆಯ ಆ ಗಲಾಟೆಯಲ್ಲಿ, ಬೆನ್ನು ಹಾಕಿ ನಿಂತಿದ್ದರೂ, ಯಾವ ಮೇಜಿನಲ್ಲಿ ಯಾರು ಯಾರನ್ನು ಬೈದರು ಎಂದು ಹೇಳುತ್ತಿದ್ದಳಂತೆ. ಗದ್ದಲದೊಳಗಿಂದ ಒಂದೇ ದನಿಯನ್ನು ಎಳೆ ಬಿಡಿಸಿದ ಹಾಗೆ ಬಿಡಿಸಿ ತೆಗೆಯುವ ಕಿವಿ ಅದು. ತಂತಿ ಉದ್ದ ಎಳೆದಷ್ಟೂ ದೂರದ ಸ್ಟೇಷನ್ ಸಿಗುತ್ತದಂತೆ. ಈ ಹುಚ್ಚು ಯಾವಾಗ ಹಿಡಿಯಿತು ಎಂದು ನಾನು ಒಮ್ಮೆ ಕೇಳಿದ್ದೆ. ಹನ್ನೊಂದು ವರ್ಷದವಳಿದ್ದಾಗಲಂತೆ. ಮನೆಯಲ್ಲಿ ಅಪ್ಪನ ಬ್ಯಾಟರಿ ರೇಡಿಯೋ, ಹವಾಮಾನ ಕೇಳುವುದಕ್ಕಷ್ಟೇ ಹಚ್ಚುತ್ತಿದ್ದದ್ದು. ಅಪ್ಪ ಕೊಟ್ಟಿಗೆಗೆ ಹೋದಾಗ ಇವಳು ಗುಂಡಿ ತಿರುಗಿಸಿದ್ದಾಳೆ.

“ಯಾರೋ ನಗ್ತಿದ್ರು ಲೆಂಪಿ. ಯಾವ ಭಾಷೆಯೋ, ಯಾವ ಊರೋ. ಒಬ್ಬ ಗಂಡಸು ಏನೋ ಅಂದ, ಒಬ್ಬಳು ಹೊಟ್ಟೆ ಹಿಡ್ಕೊಂಡು ನಗ್ತಾಳೆ. ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಆದ್ರೂ ನಾನೂ ನಕ್ಕೆ. ಅಪ್ಪ ಬಂದು ನೋಡಿದ್ರೆ ಪೆಟ್ಟಿಗೆ ಮುಂದೆ ಕೂತು ಒಬ್ಬಳೇ ನಗ್ತಾ ಇದೀನಿ!”

ಅಂದಿನಿಂದ ಹೋದಲ್ಲೆಲ್ಲ ರೇಡಿಯೋ ಜೊತೆಗೇ ಹೋಯಿತು. ಮದುವೆಯಾದ ಹೊಸತರಲ್ಲಿ ಗಂಡ ಪಾವೊ ನಾರ್ವೆಯ ಟ್ರೊಮ್ಸೊ ಪೇಟೆಗೆ ಕರೆದೊಯ್ದಿದ್ದ. ಹೋಟೆಲಿನ ಕಿಟಕಿಯಿಂದ ಎದುರಿನ ಬಾವುಟದ ಕಂಬಕ್ಕೆ ತಂತಿ ಎಳೆದು ಕೂತಳಂತೆ ಮದುಮಗಳು. ಯಾರೋ ಗೂಢಚಾರರು ಎಂದು ಹೋಟೆಲಿನವರು ಬಾಗಿಲು ಬಡಿದರು. ಇನ್ನೊಮ್ಮೆ ಶಾಲೆಯವರೆಲ್ಲ ಸೇರಿ ಬಲ್ಗೇರಿಯಾದ ಕಡಲ ದಂಡೆಗೆ ಪ್ರವಾಸ ಹೋದಾಗ, ಇವಳು ಒಂದು ವಾರ ಬಾಲ್ಕನಿ ಬಿಟ್ಟು ಕೆಳಗಿಳಿಯಲೇ ಇಲ್ಲ. “ಎಲ್ರ ಹೆಂಡ್ತೀರೂ ಬಿಸಿಲು ಕಾಯಿಸಿ ಮೈ ಕೆಂಪಗೆ ಮಾಡ್ಕೊಂಡ್ ಬಂದ್ರು. ನನ್ನವಳದ್ದು ಕಿವಿ ಮಾತ್ರ ಕೆಂಪು” ಎಂದು ಪಾವೊ ಈಗಲೂ ಹೇಳುತ್ತಾನೆ. ಅವನು ಬಸ್ಸು ರಿಪೇರಿ ಮಾಡುವವನು, ರೇಡಿಯೋದ ಗುರುಗುಟ್ಟುವಿಕೆ ಕೇಳಿದರೆ ತಲೆನೋವು ಬರುತ್ತದೆ. ಆದರೆ ತಂತಿಯ ಸುರುಳಿಗಳಿಗೆ ಹಿಡಿ ಮಾಡಿಕೊಟ್ಟವನು ಅವನೇ.

ಕೇಳುವುದು ಅರ್ಧ ಕೆಲಸ. ಇಷ್ಟು ಗಂಟೆಗೆ ನಿಮ್ಮ ಸ್ಟೇಷನ್ನಿನಲ್ಲಿ ಇಂಥ ಹಾಡು ಬಂತು, ಇಂಥ ಮಾತು ಬಂತು ಎಂದು ಆ ಸ್ಟೇಷನ್ನಿಗೇ ಕಾಗದ ಬರೆಯಬೇಕು. ಅವರು ತಾಳೆ ನೋಡಿ, ಸರಿಯಿದ್ದರೆ, ಹೌದು ನೀವು ಕೇಳಿದ್ದು ನಮ್ಮನ್ನೇ ಎಂದು ಕಾರ್ಡು ಕಳಿಸುತ್ತಾರೆ. ಹಿಲ್ಕಾಳ ಹತ್ತಿರ ಅಂಥ ಆರು ನೂರು ಕಾರ್ಡುಗಳಿದ್ದವು. ಕಾರ್ಡು ಬರದಿದ್ದರೆ ಕೇಳಿದ್ದು ಲೆಕ್ಕಕ್ಕಿಲ್ಲ. ಹೀಗೆ ದೂರದ ರೇಡಿಯೋ ಕೇಳುವವರದ್ದೇ ಒಂದು ಸಂಘವಿದೆ, ಅದರ ನಿಯಮ ಅದು.

ಸಂಘದಲ್ಲಿ ಹೆಂಗಸು ಎಂದರೆ ಇವಳೊಬ್ಬಳೇ. ಎರಡನೆಯ ವರ್ಷ ಅವಳ ಜೊತೆ ಇಬ್ಬರು ಬಂದರು. ಸೆಪ್ಪೊ ಎಂಬ ಮೋಜಣಿದಾರ, ಮೂವತ್ತು ವರ್ಷದಿಂದ ಕೇಳುತ್ತಿರುವವನು, ಸಂಘಕ್ಕೆಲ್ಲ ಗುರು. ಇನ್ನೊಬ್ಬ ಪೆಂಟ್ಟಿ, ಔಷಧಿ ಅಂಗಡಿಯವನು, ಹೆಚ್ಚು ಮಾತಿಲ್ಲ. ಒಳಗೆ ಬಂದು ಬೂಟು ಬಿಚ್ಚುವ ಮೊದಲೇ ಸೆಪ್ಪೊ ಹೇಳಿದ್ದು ನನ್ನ ಕಿವಿಗೇ ಬಿತ್ತು.

“ಹಿಲ್ಕಾ, ಮೀನಿನ ಸಾರು ನಿನ್ನ ಹಾಗೆ ಯಾರೂ ಮಾಡಲ್ಲ. ನೀನು ಒಲೆ ನೋಡ್ಕೋ, ಆಕಾಶ ನಾವು ನೋಡ್ಕೋತೀವಿ.”

“ಸಾರಲ್ಲಿ ಉಪ್ಪು ಹೆಚ್ಚಾದ್ರೆ ಆಕಾಶದಲ್ಲೇ ನೀರು ಹುಡುಕ್ಕೋ,” ಎಂದಳು ಅವಳು. ಆದರೂ ಸಾರು ಮಾಡಿದಳು. ಗಂಡಸರು ಹೆಡ್‌ಫೋನು ಹಾಕಿ ಕೂತರು. ಅವಳಿಗೆ ಸಿಕ್ಕಿದ್ದು ಅವರು ಉಣ್ಣುವ ಹೊತ್ತು, ಮಲಗುವ ಹೊತ್ತು.

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಅವಳಿಗೆ ನಿವೃತ್ತಿಯಾಯಿತು. ಅದುವರೆಗೆ ಶಾಲೆಗೆ ರಜೆ ಇರುವ ಅಕ್ಟೋಬರಿನಲ್ಲಷ್ಟೇ ಬರಲಾಗುತ್ತಿತ್ತು. ಆ ವರ್ಷ ಡಿಸೆಂಬರಿಗೆ ಬಂದಳು, ಅದೂ ಗಂಡಸರಿಗಿಂತ ನಾಲ್ಕು ದಿನ ಮೊದಲು. ಬಸ್ಸಿನಿಂದ ಇಳಿದವಳೇ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದಳು.

“ಲೆಂಪಿ, ಈ ಸಲ ಮಧ್ಯಾಹ್ನ! ನಡುಮಧ್ಯಾಹ್ನ ಕೇಳ್ಬೇಕು!”

ಡಿಸೆಂಬರಿನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದಿಲ್ಲ. ಹನ್ನೆರಡು ಗಂಟೆಗೂ ಹಿಮದ ಮೇಲೆ ನೀಲಿ ಮಬ್ಬು ಅಷ್ಟೇ. ನಮಗದು ಬೇಜಾರಿನ ತಿಂಗಳು. ಅವಳಿಗೆ ಹಬ್ಬ. ದೂರದ ಸ್ಟೇಷನ್ನಿನ ದನಿ ಕತ್ತಲೆಯಲ್ಲಿ ಮಾತ್ರ ಹರಿಯುತ್ತದಂತೆ, ಬಿಸಿಲು ಬಿದ್ದರೆ ಸಾಯುತ್ತದಂತೆ. ಇಲ್ಲಿಂದ ನೇರ ಉತ್ತರಕ್ಕೆ ಹೊರಟು, ಧ್ರುವ ದಾಟಿ, ಆ ಕಡೆಗೆ ಇಳಿಯುತ್ತ ಹೋದರೆ ಶಾಂತ ಸಾಗರದ ದ್ವೀಪಗಳು. ನಮಗೆ ನಡುಮಧ್ಯಾಹ್ನವಾದಾಗ ಅವರಿಗೆ ನಡುರಾತ್ರಿ. ಇಲ್ಲೂ ಕತ್ತಲೆ, ಅಲ್ಲೂ ಕತ್ತಲೆ, ದಾರಿಯುದ್ದಕ್ಕೂ ಕತ್ತಲೆ.

ಅದಕ್ಕೆಂದೇ ಒಂದು ಕಿಲೋಮೀಟರ್ ತಂತಿಯನ್ನು ನೇರ ಉತ್ತರಕ್ಕೆ, ಪೈನ್ ಮರಗಳ ನಡುವೆ ಎಳೆದಳು. ಮೊಣಕಾಲುದ್ದದ ಹಿಮದಲ್ಲಿ ಇಡೀ ದಿನದ ಕೆಲಸ. ಮರುದಿನ ಬೆಳಿಗ್ಗೆ ನೋಡಿದರೆ ತಂತಿಯೂ ಇಲ್ಲ, ಕಿಲೋಮೀಟರೂ ಇಲ್ಲ. ಯೌನಿ ಅಂಗಳದಲ್ಲಿ ನಿಂತು ಕೂಗುತ್ತಿದ್ದ.

“ನಿನ್ನ ರೇಡಿಯೋ ನನ್ನ ಹೋರಿ ಕೊಂಬಲ್ಲಿ ಓಡಾಡ್ತಾ ಇದೆ! ಬಂದು ಕೇಳು, ಏನ್ ಸುದ್ದಿ ಹೇಳುತ್ತೋ!”

ನಿಜಕ್ಕೂ ಒಂದು ದೊಡ್ಡ ಗಂಡು ಸಾರಂಗ ಕೊಂಬಿನ ತುಂಬ ತಂತಿ ಸುತ್ತಿಕೊಂಡು, ಹಿಂದೆ ಮುನ್ನೂರು ಮೀಟರ್ ಎಳೆಯುತ್ತ ನಿಂತಿತ್ತು. ಅದನ್ನು ಹಿಡಿದು ಬಿಡಿಸಲು ಎರಡು ಗಂಟೆ ಬೇಕಾಯಿತು. ಹಿಲ್ಕಾ ಅದರ ಕುತ್ತಿಗೆ ತಬ್ಬಿಕೊಂಡು, ತಪ್ಪಾಯ್ತು ಕಣೋ, ತಪ್ಪಾಯ್ತು ಎನ್ನುತ್ತ ಒಂದೊಂದೇ ಸುತ್ತು ಬಿಚ್ಚಿದಳು. ಕೈಬೆರಳು ಮರಗಟ್ಟಿದರೂ ತಂತಿಯನ್ನು ಎಲ್ಲೂ ಕತ್ತರಿಸಲಿಲ್ಲ, ಸಾರಂಗಕ್ಕೂ ಗಾಯವಾಗಲಿಲ್ಲ. ಯೌನಿಯ ಸಿಟ್ಟು ಇಳಿದದ್ದು ಅಲ್ಲೇ ಇರಬೇಕು.

“ಇನ್ನೊಂದು ಸಲ ಹೀಗಾದ್ರೆ ಆ ತಂತೀನ ನಿನ್ನ ಕುತ್ತಿಗೆಗೇ ಸುತ್ತಿ ಬಸ್ಸು ಹತ್ತಿಸ್ತೀನಿ,” ಎಂದು ಗೊಣಗಿ, ಒಳಗೆ ಹೋಗಿ ತನ್ನ ಹಗ್ಗದ ಕುಣಿಕೆ ತಂದ. ಸಾರಂಗ ಹಿಡಿಯಲು ಬೀಸಿ ಎಸೆಯುವ ಹಗ್ಗ. ಅದರ ತುದಿಗೆ ತಂತಿ ಕಟ್ಟಿ, ಕಣ್ಣು ಕಿರಿದು ಮಾಡಿ, ಪೈನ್ ಮರದ ಎತ್ತರದ ಕೊಂಬೆಗೆ ಬೀಸಿದ. ಮೊದಲ ಎಸೆತಕ್ಕೇ ಕೂತಿತು. ಸಾರಂಗದ ಕೊಂಬು ಎಟುಕದ ಎತ್ತರ. ಅಲ್ಲಿಂದ ಮುಂದಿನ ಮರ, ಅಲ್ಲಿಂದ ಮುಂದಿನದು. ಹಿಲ್ಕಾ ದಿಕ್ಸೂಚಿ ಹಿಡಿದು ಹಿಂದಿನಿಂದ, “ಎಡಕ್ಕೆ! ಇನ್ನೊಂಚೂರು ಎಡಕ್ಕೆ! ಭಲೇ ಯೌನಿ!” ಎಂದು ಕೂಗುತ್ತಿದ್ದಳು. ಸಂಜೆಗೆ ಯೌನಿಯೇ, “ಆ ಕೊನೇ ಮರದ್ದು ಸ್ವಲ್ಪ ಸೊಟ್ಟ ಆಯ್ತು, ನಾಳೆ ಸರಿ ಮಾಡೋಣ” ಎನ್ನುವ ಮಟ್ಟಕ್ಕೆ ಬಂದಿದ್ದ.

ಸೆಪ್ಪೊ, ಪೆಂಟ್ಟಿ ಬಂದರು. ತಮ್ಮ ಪೆಟ್ಟಿಗೆ ಬೇರೆ ಮೇಜಿನ ಮೇಲಿಟ್ಟು, ತಮ್ಮ ತಂತಿ ಪಶ್ಚಿಮಕ್ಕೆ ಎಳೆದರು. ಅಮೆರಿಕದ ಊರುಗಳು ಆ ಕಡೆಗಿವೆ. ಉತ್ತರದ ತಂತಿ ನೋಡಿ ಸೆಪ್ಪೊ ನಕ್ಕ. “ಧ್ರುವದ ಹಿಮಕರಡಿಗಳ ಸಂದರ್ಶನ ಬರುತ್ತೇನೋ, ಬಂದ್ರೆ ಕೂಗು.”

ಡಿಸೆಂಬರ್ ಆರು ನಮ್ಮ ಸ್ವಾತಂತ್ರ್ಯದ ದಿನ. ಗಂಡಸರಿಬ್ಬರೂ ಯೌನಿಯ ಜೊತೆ ಬಾವುಟ ಏರಿಸುವುದಕ್ಕೆ, ಚರ್ಚಿಗೆ ಎಂದು ಇನಾರಿ ಪೇಟೆಗೆ ಹೋದರು. ನಾನು ಆ ದಿನ ಕಿಟಕಿಯಲ್ಲಿ ಹಚ್ಚಿಡುವ ಮೇಣದ ಬತ್ತಿಯನ್ನೂ ದಾಲ್ಚಿನ್ನಿ ಬನ್ನುಗಳನ್ನೂ ತೆಗೆದುಕೊಂಡು ಹಿಲ್ಕಾಳ ಹತ್ತಿರ ಹೋದೆ. ಹನ್ನೆರಡಕ್ಕೆ ಇನ್ನು ಹತ್ತು ನಿಮಿಷ. ಬಾಗಿಲು ತೆರೆದರೆ ಅವಳು ತಿರುಗದೆಯೇ ಒಂದು ಕೈ ಎತ್ತಿ ನಿಲ್ಲಿಸಿದಳು. ಆಮೇಲೆ ಅದೇ ಕೈಯಿಂದ ಎರಡನೆಯ ಹೆಡ್‌ಫೋನ್ ಚಾಚಿದಳು.

ಹಾಕಿಕೊಂಡೆ. ಕಾದ ಬಾಣಲೆಗೆ ಮೀನು ಹಾಕಿದ ಹಾಗೆ ಚುರ್ರ್ ಎನ್ನುವ ಸದ್ದು, ಮತ್ತೇನಿಲ್ಲ.

“ಏನೂ ಇಲ್ವಲ್ಲೇ?”

“ತಾಳು. ಮೇಲ್ಗಡೆ ಅಲಾಸ್ಕದವನು ಹವಾಮಾನ ಓದ್ತಿದ್ದಾನೆ, ಕೇಳ್ತಾ? ಅವನನ್ನ ಬಿಡು. ಅವನ ಕೆಳಗೆ ನೋಡು. ಕೆಳಗೆ.”

ಕೆಳಗೆ ನೋಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅವಳು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಆಗ ಬಂತು. ಬಹಳ ಜನ ಒಟ್ಟಿಗೆ ಹಾಡುತ್ತಿದ್ದರು. ಗಂಡಸರದ್ದು ನೆಲದೊಳಗಿಂದ ಬಂದಂಥ ಗಟ್ಟಿ ದನಿ, ಹೆಂಗಸರದ್ದು ಅದರ ಮೇಲೆ ಏರಿ ಇಳಿಯುವ ದನಿ. ನನ್ನ ತೋಳಿನ ಮೇಲಿನ ಕೂದಲೆಲ್ಲ ನಿಂತಿತು. ಹಾಡು ದೂರ ಹೋಗುತ್ತಿತ್ತು, ಮತ್ತೆ ಹತ್ತಿರ ಬರುತ್ತಿತ್ತು, ಯಾರೋ ಬಾಗಿಲು ತೆಗೆದು ಮುಚ್ಚಿದ ಹಾಗೆ.

ಹಿಲ್ಕಾ ಟೇಪು ತಿರುಗುತ್ತಿದೆಯೇ ಎಂದು ಮೂರು ಸಲ ನೋಡಿದಳು. ಹಾಡು ಮುಗಿಯಿತು. ಒಂದು ಹುಡುಗಿಯ ದನಿ, ಮೊದಲು ಅವಳದೇ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಹಿಲ್ಕಾ ಇಂಗ್ಲಿಷ್ ಕಲಿತದ್ದೇ ರೇಡಿಯೋದಿಂದ. ನನ್ನ ಮಣಿಕಟ್ಟು ಹಿಸುಕುತ್ತ, ಪಿಸುದನಿಯಲ್ಲಿ ಒಂದೊಂದೇ ಮಾತು ಹೇಳುತ್ತ ಹೋದಳು.

“ಹಡಗು... ನಾಳೆ ಬೆಳಿಗ್ಗೆ ಬರಲ್ಲ. ಎಂಜಿನ್ ಕೆಟ್ಟಿದೆ. ಗುರುವಾರ ಬರುತ್ತೆ... ಬಾಳೆಗೊನೆ ತರೋರು ನಾಳೆ ಬಂದರಿಗೆ ಬರಬೇಡಿ... ಬಾಳೆಗೊನೆ, ಲೆಂಪಿ! ಬಾಳೆಗೊನೆ!”

ಹೊರಗೆ ಮೈನಸ್ ಇಪ್ಪತ್ತಾರು. ಕಿಟಕಿಯ ಗಾಜಿನ ಒಳಮೈಗೂ ಹಿಮ ಹತ್ತಿತ್ತು. ಎಲ್ಲೋ ಒಂದು ಹುಡುಗಿ ಬಾಳೆಗೊನೆ ತರಬೇಡಿ ಎನ್ನುತ್ತಿದ್ದಾಳೆ, ನಾನು ಕೇಳುತ್ತಿದ್ದೇನೆ. ಅವಳು ಸ್ಟೇಷನ್ನಿನ ಹೆಸರು ಹೇಳತೊಡಗಿದಳು. ಸರಿಯಾಗಿ ಆಗಲೇ ಒಂದು ಚಟಪಟ ಸದ್ದು ಬಡಿದು ಹೆಸರಿನ ಅರ್ಧ ನುಂಗಿತು. ಬಾಲದ ಎರಡಕ್ಷರವಷ್ಟೇ ಸಿಕ್ಕಿತು. ಆಮೇಲೆ ಶುಭರಾತ್ರಿ ಎಂದಳು, ಟಕ್ ಎಂದಿತು, ಮುಗಿಯಿತು. ಮತ್ತೆ ಬರೀ ಮೀನು ಹುರಿಯುವ ಸದ್ದು.

ಹಿಲ್ಕಾ ಎದ್ದಳು. ಹೆಡ್‌ಫೋನ್ ತಲೆಯಲ್ಲೇ ಇತ್ತು, ಎಳೆತಕ್ಕೆ ಕಾಫಿ ಲೋಟ ಉರುಳಿತು. ಏನೂ ನೋಡದೆ ನನ್ನನ್ನು ತಬ್ಬಿ ಎತ್ತಿ ಒಂದು ಸುತ್ತು ತಿರುಗಿಸಿದಳು. ಆಮೇಲೆ ಇಬ್ಬರೂ ಬರೀ ಕಾಲುಚೀಲದಲ್ಲಿ ಹಿಮಕ್ಕೆ ಓಡಿ, ಉತ್ತರಕ್ಕೆ ಮುಖ ಮಾಡಿ, “ಬರಲ್ಲ! ಹಡಗು ಬರಲ್ಲ!” ಎಂದು ಕಿರುಚಿದೆವು. ಪೇಟೆಯಿಂದ ಮರಳುತ್ತಿದ್ದ ಯೌನಿ ಮನೆಗೆ ಬೆಂಕಿ ಬಿತ್ತೆಂದು ಹಿಮಬಂಡಿಯನ್ನು ಓಡಿಸಿಕೊಂಡು ಬಂದ.

ಸೆಪ್ಪೊ ಟೇಪನ್ನು ಮೂರು ಸಲ ಹಾಕಿಸಿ ಕೇಳಿದ. ಗಡ್ಡ ಕೆರೆದುಕೊಂಡ.

“ಯಾವುದೋ ಚರ್ಚಿನ ಹಾಡು. ನಾರ್ವೆ ಕಡೇದು ಇರ್ಬೇಕು.”

“ನಾರ್ವೆಯಲ್ಲಿ ಬಾಳೆ ಬೆಳೆಯೋಕೆ ಯಾವಾಗ ಶುರು ಮಾಡಿದ್ರು?” ಎಂದಳು ಹಿಲ್ಕಾ.

ಪೆಂಟ್ಟಿ ಕಾಫಿ ಮೂಗಿಗೆ ಹತ್ತಿ ಕೆಮ್ಮಿದ. ಸೆಪ್ಪೊನ ಕಿವಿ ಬಿಸಿಯಾಯಿತು. “ಹೆಸರೆಲ್ಲಿದೆ? ಹೆಸರು ಕೇಳಿಲ್ಲ ಅಂದ್ರೆ ಸ್ಟೇಷನ್ ಕೇಳಿಲ್ಲ. ನಿಯಮ ನಿಯಮಾನೇ.” ಅವನು ಹೇಳಿದ್ದು ತಪ್ಪೇನಲ್ಲ, ಹಿಲ್ಕಾಳಿಗೂ ಅದು ಗೊತ್ತಿತ್ತು. ಅಂದೇ ಕೂತು ಸ್ಟೇಷನ್ನುಗಳ ಪಟ್ಟಿಯ ಪುಸ್ತಕದಲ್ಲಿ ಆ ಎರಡಕ್ಷರದ ಬಾಲವನ್ನು ಹುಡುಕಿದಳು. ಒಂದೇ ಒಂದು ಪುಟ್ಟ ದ್ವೀಪ ಹೊಂದಿತು. ಹಾಡು, ಹಡಗು, ಗುರುವಾರ, ಗಂಟೆ ನಿಮಿಷ ಎಲ್ಲ ಬರೆದು, ಟೇಪಿನ ಪ್ರತಿ ಮಾಡಿ, ನಮ್ಮ ಮನೆಯ ಚಿತ್ರವನ್ನೂ ಇಟ್ಟು ಅಂಚೆಗೆ ಹಾಕಿದಳು.

ಜನವರಿ ಹೋಯಿತು. ಫೆಬ್ರವರಿ ಮುಗಿಯುತ್ತ ಬಂದಾಗ ಫೋನು ಬಂತು.

“ಲೆಂಪಿ, ಕೂತಿದ್ದೀಯಾ? ಕೂತ್ಕೋ. ಯೌನೀನೂ ಕರಿ. ಕಾಗದ ಬಂದಿದೆ, ಓದ್ತೀನಿ.”

ಬರೆದವಳು ತಿಯಾರೆ ಎಂಬ ಹುಡುಗಿ. ಅಂದು ಮಾತಾಡಿದವಳು ಅವಳೇ. ಆ ರಾತ್ರಿ ಹಡಗಿನ ಸುದ್ದಿಯನ್ನು ಅವಳು ಓದಿದ್ದಳು, ಆದರೆ ದ್ವೀಪದಲ್ಲಿ ಯಾರೂ ಕೇಳಿರಲಿಲ್ಲ. ಈಚೆ ದಡದವರು ಮಲಗಿದ್ದರು. ಬೆಟ್ಟದಾಚೆಯ ರೈತರಿಗೆ ಸ್ಟೇಷನ್ನಿನ ದನಿ ಸರಿಯಾಗಿ ತಲುಪುವುದೇ ಇಲ್ಲ. ಅವರು ಬೆಳಗಾಗುವ ಮೊದಲೇ ಬಾಳೆಗೊನೆ ಹೊತ್ತು ಬೆಟ್ಟ ಇಳಿದರು. ಹಡಗಿಲ್ಲ. ಎರಡು ದಿನ ಬಿಸಿಲಲ್ಲಿ ಬಿದ್ದು ಗೊನೆಗಳು ಕಪ್ಪಾದವು. ರೇಡಿಯೋದವಳು ಸುದ್ದಿ ಓದಲೇ ಇಲ್ಲ, ನಿದ್ದೆ ಹೊಡೆದಿದ್ದಾಳೆ ಎಂದು ದೂರು ಹೋಯಿತು. ಓದಿದ್ದೇನೆ ಎಂದು ಆಣೆ ಇಟ್ಟರೂ ನಂಬುವವರಿಲ್ಲ, ಆ ಹೊತ್ತಿನದನ್ನು ಸ್ಟೇಷನ್ನಿನಲ್ಲಿ ಟೇಪು ಮಾಡಿಡುವುದಿಲ್ಲ. ವಿಚಾರಣೆಯ ತನಕ ಕೆಲಸಕ್ಕೆ ಬರಬೇಡ ಎಂದರು. ತಪ್ಪಾಯಿತು ಎಂದು ಒಪ್ಪಿಕೊಂಡುಬಿಡು ಎಂದು ಅವಳ ತಾಯಿಯೇ ಅತ್ತಳು.

ವಿಚಾರಣೆಯ ಹಿಂದಿನ ದಿನ ವಿಮಾನದಲ್ಲಿ ಹಿಲ್ಕಾಳ ಪೊಟ್ಟಣ ಹೋಗಿ ಇಳಿದಿದೆ.

ಹಿರಿಯರು ಕೂತ ಸಭೆಯಲ್ಲಿ ಟೇಪು ಹಾಕಿದರಂತೆ. ಚಟಪಟ ಸದ್ದಿನೊಳಗಿಂದ, ಸ್ಟೇಷನ್ನಿನವರು ಹಿಂದೆಂದೋ ಟೇಪು ಮಾಡಿಟ್ಟಿದ್ದ ಅವರದೇ ಊರಿನ ಹಾಡು ಬಂತು. ಹಾಡಿದವರಲ್ಲಿ ಕೆಲವರು ಆ ಸಭೆಯಲ್ಲೇ ಇದ್ದರು. ಆಮೇಲೆ ಹಡಗಿನ ಸುದ್ದಿ, ಎರಡೂ ಭಾಷೆಯಲ್ಲಿ. ಇದು ಎಲ್ಲಿಂದ ಬಂದದ್ದು ಎಂದು ಒಬ್ಬ ಮುದುಕ ರೈತ ಕೇಳಿದ. ಶಾಲೆಯಿಂದ ಗ್ಲೋಬು ತರಿಸಿದರು. ಒಂದು ಬೆರಳು ತಮ್ಮ ದ್ವೀಪದ ಮೇಲಿಟ್ಟು ಇನ್ನೊಂದನ್ನು ಫಿನ್ಲೆಂಡಿನ ಮೇಲಿಟ್ಟು, ಎರಡನ್ನೂ ಒಟ್ಟಿಗೆ ನೋಡಲಾಗದೆ ಅವನು ಗ್ಲೋಬನ್ನು ಹಿಂದೆ ಮುಂದೆ ತಿರುಗಿಸಿದ. ಕೊನೆಗೆ ಹೇಳಿದ್ದು ಇಷ್ಟು: “ಬೆಟ್ಟದ ಆ ಕಡೆ ನಮಗೆ ಕೇಳ್ಸಲ್ಲ, ಭೂಮಿಯ ಆ ಕಡೆ ಅವರಿಗೆ ಕೇಳ್ಸುತ್ತೆ. ಹಾಗಾದ್ರೆ ತಪ್ಪು ಹುಡುಗೀದಲ್ಲ, ಬೆಟ್ಟದ್ದು.”

ತಿಯಾರೆಗೆ ಕೆಲಸ ಮರಳಿ ಸಿಕ್ಕಿತು. ಹಡಗಿನ ಸುದ್ದಿಯನ್ನು ಇನ್ನು ಮೇಲೆ ಊಟದ ಹೊತ್ತಿಗೇ ಮೂರು ಸಲ ಓದಬೇಕು, ಬೆಟ್ಟದಾಚೆಗೆ ಆಳು ಕಳಿಸಿ ಹೇಳಿಸಬೇಕು ಎಂದು ತೀರ್ಮಾನವಾಯಿತು.

ಓದಿ ಮುಗಿಸುವ ಹೊತ್ತಿಗೆ ಯೌನಿ ಫೋನಿನ ಪಕ್ಕದಲ್ಲೇ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ನಾನೇ ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ.

“ಕಾರ್ಡು ಕಳ್ಸಿದ್ದಾಳಾ?”

ಆ ಕಡೆ ಕಾಗದ ಮಗುಚುವ ಸದ್ದು. “ಅಯ್ಯೋ! ಕಾರ್ಡು ಕಳ್ಸೋದೇ ಮರ್ತಿದ್ದಾಳೆ ಕಣೆ!” ಎಂದು ನಗಲು ಶುರು ಮಾಡಿದವಳು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ.

ವಸಂತದಲ್ಲಿ ಸಂಘದ ಸಭೆ ನಡೆದಾಗ ಆ ಕಾಗದವನ್ನು ಎದ್ದು ನಿಂತು ಓದಿದವನು ಸೆಪ್ಪೊ. ತಾನೇ ಓದುತ್ತೇನೆಂದು ಕೇಳಿ ತೆಗೆದುಕೊಂಡನಂತೆ. ಓದಿ ಮಡಿಸಿ, “ಮೂವತ್ತು ವರ್ಷದ ಮೇಲಾಯ್ತು ನಾನು ಕೇಳೋಕೆ ಶುರು ಮಾಡಿ. ನಾನು ಕೇಳಿದ್ದು ಒಬ್ಬರ ಉಪಯೋಗಕ್ಕೂ ಬಂದಿಲ್ಲ” ಎಂದು ಕೂತುಬಿಟ್ಟ. ಕಾರ್ಡಿಲ್ಲದಿದ್ದರೂ ಕಾಗದ ನಡೆಯುತ್ತದೆ ಎಂದು ಎಲ್ಲರೂ ಕೈ ಎತ್ತಿದರು.

ತಿಯಾರೆ ನಮ್ಮ ದ್ವೀಪಕ್ಕೆ ಬನ್ನಿ, ನಮ್ಮ ಮನೆಯಲ್ಲೇ ಇರಿ ಎಂದು ಮತ್ತೆ ಮತ್ತೆ ಬರೆದಳು. ಪಾವೊ ಕೂಡ ಹೋಗೋಣ ಎಂದ. ಹಿಲ್ಕಾ ಒಪ್ಪಲಿಲ್ಲ. “ಅಷ್ಟು ಹತ್ತಿರದಿಂದ ಕೇಳೋದ್ರಲ್ಲಿ ಏನಿದೆ ಮಜಾ?” ಎಂದಳು.

ಮುಂದಿನ ಡಿಸೆಂಬರ್ ಆರಕ್ಕೆ, ನಮ್ಮ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ, ತಿಯಾರೆ ಹಿಲ್ಕಾಳ ಹೆಸರು ಹಿಡಿದು ನಮಸ್ಕಾರ ಹೇಳುವುದೆಂದು ಕಾಗದದಲ್ಲಿ ಮಾತಾಯಿತು. ಆ ದಿನ ನಾವೆಲ್ಲ ಬಂದು ಕೂತೆವು. ಸೆಪ್ಪೊ, ಪೆಂಟ್ಟಿ, ಯೌನಿ, ತಲೆನೋವಿನ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಪಾವೊ ಕೂಡ. ಆದರೆ ಹಿಂದಿನ ಸಂಜೆ ಆಕಾಶದ ತುಂಬ ಧ್ರುವಪ್ರಭೆಯ ಹಸಿರು ಬೆಳಕು ಕುಣಿದಿತ್ತು. ಅದು ಕುಣಿದರೆ ಉತ್ತರದ ದಾರಿ ಮುಚ್ಚಿತೆಂದೇ ಅರ್ಥ. ಹನ್ನೆರಡಾಯಿತು. ಬರೀ ಸುಯ್ ಎನ್ನುವ ಸದ್ದು. ಹನ್ನೆರಡೂಕಾಲಾಯಿತು. ಪಾವೊ ಹೆಂಡತಿಯ ಬೆನ್ನು ಸವರಿದ. ತಿಯಾರೆ ಎಲ್ಲೋ ದೂರದಲ್ಲಿ ಕೂತು ಇವಳ ಹೆಸರು ಹೇಳಿದ್ದಾಳೆ, ಇವಳಿಗೆ ತಲುಪಲಿಲ್ಲವಲ್ಲ. ಏನಾದರೂ ಸಮಾಧಾನ ಹೇಳೋಣವೆಂದು ಬಾಯಿ ತೆರೆದೆ.

ಹಿಲ್ಕಾ ಗುಂಡಿಯ ಮೇಲಿಂದ ಬೆರಳು ತೆಗೆದಿರಲಿಲ್ಲ. ದ್ವೀಪದ ಜಾಗ ಬಿಟ್ಟು ಯಾವಾಗಲೋ ಮುಂದೆ ಸರಿದಿದ್ದಳು. ಕಣ್ಣು ಅಗಲವಾದವು. ಕೆನ್ನೆ ರಂಗೇರಿತು.

“ಶ್! ಯಾರೂ ಮಾತಾಡ್ಬೇಡಿ. ಸೆಪ್ಪೊ, ಟೇಪು ಒತ್ತು, ಬೇಗ ಒತ್ತೋ! ಇಲ್ಯಾರೋ ಇದಾರೆ. ಇವರು ಬೇರೆಯವರು!”